ಈ ಕೋರಿಕೆ ನಿಮ್ಮದಲ್ಲದಿದ್ದರೆ

ನಲವತ್ತೊಂದು ಎಂದು ಬದ್ರ್ ಎರಡು ಸಲ ಹೇಳಿದ. ಮೊದಲ ಸಲ ಹೇಳಿದಾಗ ಜವಾದ್ ಎದುರುಮನೆಯ ಬಾಲ್ಕನಿಯಲ್ಲಿ ಒಬ್ಬಾಕೆ ಕುರಿಯ ತೊಗಲನ್ನು ಕಂಬಿಯ ಮೇಲೆ ಹರವಿ ಕೋಲಿನಿಂದ ಬಡಿಯುವುದನ್ನು ನೋಡುತ್ತಿದ್ದ. ಪ್ರತಿ ಏಟಿಗೂ ಧೂಳೆದ್ದು ಬಿಸಿಲಿನಲ್ಲಿ ಸ್ವಲ್ಪ ಹೊತ್ತು ನಿಂತು ಆಮೇಲೆ ಕಾಣದಾಗುತ್ತಿತ್ತು. ಎರಡನೆಯ ಸಲ ಹೇಳಿದಾಗ ಬದ್ರ್‌ನ ಲ್ಯಾಪ್‌ಟಾಪಿನ ಕಡೆ ತಿರುಗಿದ, ತಿರುಗಿದ್ದೇ ತಪ್ಪಾಯಿತು. ಪರದೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ನಲವತ್ತೊಂದು ಸಾಲುಗಳಲ್ಲಿ ಒಂದೇ ಇಮೇಲ್ ವಿಳಾಸ ನಿಂತಿತ್ತು. ಆ ವಿಳಾಸ ಜವಾದ್‌ನ ಅಪ್ಪನದು.

"ಒಂದೇ ವಿಳಾಸ, ನಲವತ್ತೊಂದು ಖಾತೆ. ಒಂದಾದ್ರೂ ಚಾಲೂ ಆಗಿಲ್ಲ," ಎಂದ ಬದ್ರ್. "ಮೂರು ವಾರದಿಂದ ಯಾವನೋ ನಮ್ಮ ಜೊತೆ ಆಟ ಆಡ್ತಿದಾನೆ ಮದಾಮ್."

ಕಣ್ಣಿನ ಶಿಬಿರ ನಡೆಸುವ ಸಂಘದ ಪರವಾಗಿ ಬಂದಿದ್ದ ಮದಾಮ್ ಲಮ್ರಾನಿ ಕನ್ನಡಕವನ್ನು ಹಣೆಗೇರಿಸಿದರು. "ನಲವತ್ತೊಂದು ಜಾಗ ಅಂದ್ರೆ ನಲವತ್ತೊಂದು ಜನರ ಕಣ್ಣು ಕಣ್ರಪ್ಪ. ಸಂಜೆ ಆರಕ್ಕೆ ಪಟ್ಟಿ ಮುಚ್ಚಿ ಡಾಕ್ಟ್ರಿಗೆ ಹೋಗುತ್ತೆ. ಅಷ್ಟರೊಳಗೆ ಇವನ್ನ ತೆಗೆದುಹಾಕಿ. ಆ ವಿಳಾಸಾನೂ ಇನ್ನೊಂದ್ಸಲ ಒಳಗೆ ಕಾಲಿಡಬಾರ್ದು."

"ಈ ಬಾಗಿಲು ಕಟ್ಟಿದೋನು ಇವನೇ," ಎಂದು ಬದ್ರ್ ಅವನ ಕಡೆ ಕೈ ತೋರಿಸಿದ. "ಏನಂತೀಯ ಜವಾದ್?"

"ಯಾವುದೋ ಯಂತ್ರದ ಕೆಲಸ ಇರಬೇಕು," ಎಂದ ಜವಾದ್. "ಮನುಷ್ಯರಾಗಿದ್ರೆ ಒಂದಾದ್ರೂ ಲಿಂಕ್ ಒತ್ತಿರ್ತಿದ್ರು."

ಹೇಳಿದ ಮೇಲೆ ಅವನಿಗೆ ತನ್ನ ದನಿ ಅಷ್ಟು ಸಲೀಸಾಗಿ ಬಂದದ್ದು ಆಶ್ಚರ್ಯವೆನಿಸಿತು. ನಾಚಿಕೆ ಆಮೇಲೆ ಬಂತು, ಮದಾಮ್ ಎದ್ದು ಹೋಗಿ ಅವರ ಅತ್ತರಿನ ವಾಸನೆಯೂ ಹೋದ ಮೇಲೆ. ಕೆಲಸ ದೊಡ್ಡದೇನಾಗಿರಲಿಲ್ಲ. ಕಣ್ಣಿನ ಪೊರೆ ತೆಗೆಯುವ ಉಚಿತ ಶಿಬಿರ, ಎರಡು ವರ್ಷಕ್ಕೊಮ್ಮೆ ನಡೆಯುವುದು. ಹೆಸರು ಬರೆಸಲು ಒಂದು ವೆಬ್‌ಸೈಟು. ಹೆಸರು ಬರೆಸಿದವರ ಇಮೇಲಿಗೆ ಒಂದು ಪತ್ರ ಹೋಗಬೇಕು, ಪತ್ರದಲ್ಲಿರುವ ಲಿಂಕನ್ನು ಅವರು ಒತ್ತಬೇಕು, ಒತ್ತಿದರೆ ಖಾತೆ ಚಾಲೂ ಆಗಿ ಹೆಸರು ಸರದಿಗೆ ಸೇರಬೇಕು. ಎರಡು ದಿನದಲ್ಲಿ ಮುಗಿಸಿದ್ದ. ಲಿಂಕ್ ಎಷ್ಟು ಹೊತ್ತು ನಡೆಯಬೇಕೆಂದು ಯಾರೂ ಹೇಳಿರಲಿಲ್ಲವಾದ್ದರಿಂದ ಇಪ್ಪತ್ತನಾಲ್ಕು ಗಂಟೆ ಎಂದು ತಾನೇ ಹಾಕಿದ್ದ. ಸಂಘದ ಅಗ್ಗದ ಅಂಚೆ ಸೇವೆ ಹಗಲು ಮುಗ್ಗರಿಸುತ್ತಿದ್ದರಿಂದ ಪತ್ರಗಳೆಲ್ಲ ರಾತ್ರಿ ಒಟ್ಟಿಗೆ ಹೊರಡುವಂತೆ ಮಾಡಿದ್ದ. ಪತ್ರದ ಒಕ್ಕಣೆಯನ್ನು ಹಳೆಯ ಯಾವುದೋ ಕೆಲಸದಿಂದ ಎತ್ತಿ ಅಂಟಿಸಿದ್ದ. ಒಂದು ವಿಳಾಸಕ್ಕೆ ಒಂದೇ ಖಾತೆ ಎಂಬ ನಿಯಮ ಹಾಕುವುದನ್ನು ಮರೆತಿದ್ದ; ಬದ್ರ್ ಈಗ ಹಲ್ಲು ಬಿಡುತ್ತಿದ್ದದ್ದು ಅದಕ್ಕೇ.

ಅಲ್ಲಾಲ್ ಕಾತಿಬ್ ಐವತ್ಮೂರು, ಇದು ಪರದೆಯಲ್ಲಿದ್ದ ವಿಳಾಸ. ಒಂಬತ್ತು ವರ್ಷದ ಕೆಳಗೆ ಅಪ್ಪನಿಗೆ ಅದನ್ನು ಮಾಡಿಕೊಟ್ಟವನು ಜವಾದ್. ಬರೀ ಹೆಸರಿನದು ಇರಲಿ ಎಂದು ಅವನು, ಕಾತಿಬ್ ಅಂತ ಸೇರಿಸು, ಬರೆಯೋನು ಅಂತ ಗೊತ್ತಾಗದೆ ಹೋದ್ರೆ ಜನ ಯಾಕೆ ಬರ್ತಾರೆ ಎಂದು ಅಪ್ಪ. ಅಪ್ಪ ಕೋರ್ಟಿನ ಹೊರಗೆ ಹಿಪ್ಪುನೇರಳೆ ಮರದ ಕೆಳಗೆ ಮೇಜು ಹಾಕಿಕೊಂಡು ಮೂವತ್ತು ವರ್ಷ ಅರ್ಜಿ ಬರೆದವನು. ಮೇಜಿನ ಮೇಲೆ ಟೈಪ್‌ರೈಟರ್, ಪಕ್ಕದಲ್ಲಿ ತಗಡಿನ ಡಬ್ಬಿಯಲ್ಲಿ ನೀಲಿ ಮಸಿಯ ದಿಂಡು. ಓದು ಬಾರದವರ ಹೆಬ್ಬೆರಳನ್ನು ಹಿಡಿದು ಮಸಿಗೆ ಒತ್ತಿ ಕಾಗದಕ್ಕೆ ಒತ್ತಿಸುವ ಮೊದಲು ಬರೆದದ್ದನ್ನು ಪೂರಾ ಓದಿ ಹೇಳುತ್ತಿದ್ದ, ಇದು ನಿನ್ನದೇನು ಎಂದು ಕೇಳುತ್ತಿದ್ದ, ನನ್ನದೇ ಎಂದು ಅವರು ಗಟ್ಟಿಯಾಗಿ ಹೇಳುವವರೆಗೆ ಬೆರಳು ಬಿಡುತ್ತಿರಲಿಲ್ಲ. ಶಾಲೆಯಿಂದ ಬರುವಾಗ ಜವಾದ್ ಆ ಮರ ಸಿಗದ ಹಾಗೆ ಒಂದು ಬೀದಿ ಸುತ್ತು ಹಾಕಿ ಬರುತ್ತಿದ್ದ. ಮುಂದೆ ಬದ್ರ್ ಜೊತೆ ಕಚೇರಿ ತೆರೆದಾಗ, ನಿಮ್ಮ ತಂದೆ ಏನು ಮಾಡ್ತಿದ್ರು ಎಂದು ಅವನು ಕೇಳಿದ್ದಕ್ಕೆ, ಕೋರ್ಟಲ್ಲಿದ್ರು ಎಂದಿದ್ದ. ಸುಳ್ಳೇನಲ್ಲ. ಬದ್ರ್ ಅದನ್ನು ಏನೆಂದುಕೊಂಡನೋ ಅದು ಬದ್ರ್‌ಗೆ ಬಿಟ್ಟದ್ದು ಎಂದು ಏಳು ವರ್ಷ ಬಿಟ್ಟಿದ್ದ.

ಶುಕ್ರವಾರವಾದ್ದರಿಂದ ಹನ್ನೆರಡಕ್ಕೆ ಕಚೇರಿ ಖಾಲಿಯಾಯಿತು. ಅಳಿಸುವ ಕೆಲಸಕ್ಕೆ ಒಂದು ಗುಂಡಿ ಸಾಕು, ಊಟ ಮಾಡಿ ಬಂದು ಮಾಡುತ್ತೇನೆ ಎಂದ. ಬದ್ರ್ ಮೆಟ್ಟಿಲು ಇಳಿಯುತ್ತ, "ಆರು ಗಂಟೆ ಕಣೋ, ಕುಸ್ಕುಸ್ ತಿಂದು ಮಲಗಿಬಿಟ್ಟೀಯ," ಎಂದು ಛೇಡಿಸಿದ. ಜವಾದ್ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ನೀಲಿ ಟ್ಯಾಕ್ಸಿ ಹತ್ತಿದ. ಹೊಸ ಊರಿನ ಹಮ್ರಿಯಾದಿಂದ ಕಣಿವೆ ಇಳಿದು ಹಳೆಯ ಮೆಕ್ನೆಸ್ಸಿನ ಕಡೆ ಏರುವಾಗ, ಅಪ್ಪನಿಗೆ ಫೋನು ಮಾಡಿ ಇದೇನು ಕಿತಾಪತಿ ಎಂದು ರೇಗಬೇಕೆನ್ನಿಸಿತು. ಮಾಡಲಿಲ್ಲ. ರೇಗಿದರೆ ಅಪ್ಪ ಉತ್ತರ ಹೇಳುತ್ತಾನೆ, ಉತ್ತರ ಕೇಳಿದ ಮೇಲೆ ಯಂತ್ರದ ಕೆಲಸ ಎಂದು ತಾನು ಹೇಳಿದ್ದು ಉಳಿಯುವುದಿಲ್ಲ. ಹೀಗೆ ಯೋಚಿಸುತ್ತಿರುವ ತನ್ನನ್ನು ಅವನು ಬೇರೆ ಯಾರನ್ನೋ ನೋಡುವ ಹಾಗೆ ನೋಡಿದ, ಅಷ್ಟೇನೂ ಅಸಹ್ಯವಾಗಲಿಲ್ಲ. ಚಾಲಕ ರೇಡಿಯೋದ ದನಿ ತಗ್ಗಿಸಿ, ಬಾಬ್ ಮನ್ಸೂರ್‌ವರೆಗೆ ಹೋಗಬೇಕೋ ಮೊದಲೇ ಇಳಿಯುತ್ತೀರೋ ಎಂದು ಕೇಳಿದ.

ಮನೆಯಲ್ಲಿ ಅಮ್ಮ ಒಬ್ಬಳೇ ಇದ್ದಳು. ದೊಡ್ಡ ಮಣ್ಣಿನ ತಟ್ಟೆಯಲ್ಲಿ ಗೋಧಿ ರವೆಯ ಕುಸ್ಕುಸ್ ಹೊಗೆಯಾಡುತ್ತಿತ್ತು, ಏಳು ತರಕಾರಿಯೂ ಮೇಲೆ ಸಾಲಾಗಿ ಕೂತಿದ್ದವು. ಅಪ್ಪನ ಜಾಗ ಖಾಲಿ.

"ಮೂರನೇ ಶುಕ್ರವಾರ ಕಣೋ ಇದು," ಎಂದಳು ಅಮ್ಮ. "ನಮಾಜು ಮುಗಿಸಿ ನೆಟ್ಟಗೆ ಹಸ್ಸೂನನ ಅಂಗಡಿಗೆ ಹೋಗಿ ಕೂತುಬಿಡ್ತಾರೆ. ಕುರುಡರ ದರ್ಬಾರು! ಆ ತಾಮೂ ಇದಾಳಲ್ಲ, ಸಾರ್ವಜನಿಕ ಒಲೆಯಲ್ಲಿ ರೊಟ್ಟಿ ಬೇಯಿಸ್ತಿದ್ಳಲ್ಲ, ಅವಳಿಂದ ಹಿಡಿದು ಈ ಓಣೀಲಿ ಕಣ್ಣು ಮಂಜಾದೋರೆಲ್ಲ ಅಲ್ಲೇ. ಊಟ ತಣ್ಣಗಾಗೋದು ಇಲ್ಲಿ. ತಗೊಂಡು ಹೋಗಿ ಕೊಡು, ಹಾಗೇ ನಿನ್ನ ಬಾಯಿಂದ ಎರಡು ಮಾತು ಹೇಳು. ನನ್ನ ಮಾತು ಎಲ್ಲಿ ಕೇಳ್ತಾರೆ."

ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಅವನು ಓಣಿ ಇಳಿದ. ಲ್ಯಾಪ್‌ಟಾಪಿನ ಚೀಲ ಹೆಗಲಿನಿಂದ ಜಾರುತ್ತಿತ್ತು, ಎರಡು ಕೈಯೂ ತಟ್ಟೆಗೆ ಬೇಕಾಗಿದ್ದವು. ಹಸ್ಸೂನನದು ಕಿರಾಣಿ ಅಂಗಡಿ. ಜವಾದ್ ಚಿಕ್ಕವನಿದ್ದಾಗ ಓಣಿಯ ಯಾವ ಮನೆಗೂ ನಂಬರು ಇರಲಿಲ್ಲ. ಅಂಚೆಯವನು ಇಡೀ ಓಣಿಯ ಕಾಗದಗಳನ್ನು ಹಸ್ಸೂನನ ಸಕ್ಕರೆ ಮೂಟೆಯ ಮೇಲೆ ಹಾಕಿ ಹೋಗುತ್ತಿದ್ದ, ಲಕೋಟೆಯ ಮೇಲೆ ಎಲ್ಲರದೂ ಒಂದೇ ವಿಳಾಸ, ಹಸ್ಸೂನನ ಅಂಗಡಿ, ಬರ್ರೀಮಾ. ಬೆಲ್ಜಿಯಮ್ಮಿನಲ್ಲಿದ್ದ ಗಂಡಂದಿರ ಕಾಗದ, ಸೈನ್ಯದಿಂದ ಬಂದದ್ದು, ಅವನ ಸ್ವಂತ ಪರೀಕ್ಷೆಯ ಫಲಿತಾಂಶ, ಎಲ್ಲಕ್ಕೂ ಹುಳಿ ಬೆಣ್ಣೆಯ ವಾಸನೆ. ಯಾರೂ ಯಾರದನ್ನೂ ಒಡೆಯುತ್ತಿರಲಿಲ್ಲ. ಒಂದು ವಿಳಾಸಕ್ಕೆ ಒಬ್ಬನೇ ಮನುಷ್ಯ ಎಂಬುದನ್ನು ತಾನು ಯಾವಾಗ ಕಲಿತೆ ಎಂದು ನೆನಪು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ.

ಅಂಗಡಿಯ ಮುಂದಿನ ಜಗುಲಿಯ ಮೇಲೆ, ಮೆಟ್ಟಿಲಿನ ಮೇಲೆ, ಖಾಲಿ ಪೆಟ್ಟಿಗೆಗಳ ಮೇಲೆ ಮುದುಕ ಮುದುಕಿಯರು ಕೂತಿದ್ದರು. ನಡುವೆ ಅಪ್ಪ, ಬಿಳಿಯ ಜಲ್ಲಾಬಾ ನಿಲುವಂಗಿ ತೊಟ್ಟು, ಕೋರ್ಟಿನ ದಿನಗಳ ಅದೇ ಮೇಜಿನ ಹಿಂದೆ. ಮೇಜಿನ ಮೇಲೆ ಟೈಪ್‌ರೈಟರ್, ಒಂದು ಒದ್ದೆ ಬಟ್ಟೆ, ಮೊಬೈಲು. ಜವಾದ್ ತಟ್ಟೆಯನ್ನು ಗಲ್ಲಾದ ಮೇಲಿಟ್ಟು ಬಾಗಿಲ ಪಕ್ಕ ನಿಂತ. ಅಪ್ಪ ಅವನ ಕಡೆ ಮುಖ ಎತ್ತಿದ, ಆದರೆ ಮಾತಾಡಿಸಲಿಲ್ಲ. ಕೆಲಸದ ನಡುವೆ ಮಾತಾಡಿಸುವ ಅಭ್ಯಾಸ ಮೊದಲಿಂದಲೂ ಇಲ್ಲ.

"ಹಸ್ಸೂನ್, ತಾಮೂದು ತೆಗಿ," ಎಂದ ಅಪ್ಪ. ಹಸ್ಸೂನ್ ಗಲ್ಲಾದ ಮೇಲಿಂದ ಬಗ್ಗಿ ಮೊಬೈಲಿನಲ್ಲಿ ಒಂದು ಪತ್ರ ತೆರೆದು ಅಪ್ಪನ ಕೈಗಿಟ್ಟ. ಅಪ್ಪ ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದತೊಡಗಿದ. "ಮಾನ್ಯರೇ, ನಿಮ್ಮ ಹೆಸರಿನಲ್ಲಿ ಒಂದು ಖಾತೆಗಾಗಿ ಕೋರಿಕೆ ಬಂದಿದೆ. ಖಾತೆಯನ್ನು ಚಾಲೂ ಮಾಡಲು ಕೆಳಗಿನ ಲಿಂಕನ್ನು ಒತ್ತಿ. ಈ ಕೋರಿಕೆ ನಿಮ್ಮದಲ್ಲದಿದ್ದರೆ ಈ ಪತ್ರವನ್ನು ಕಡೆಗಣಿಸಿ. ಇದಕ್ಕೆ ಉತ್ತರಿಸಬೇಡಿ." ಆಮೇಲೆ ದನಿ ಬದಲಿಸಿ, "ತಾಮೂ, ಈ ಕೋರಿಕೆ ನಿನ್ನದೇನಮ್ಮ?"

"ನಂದೇ ಸಿ ಅಲ್ಲಾಲ್," ಎಂದಳು ತಾಮೂ, ಓಣಿಯವರೆಲ್ಲ ಕರೆಯುವ ಹಾಗೆ ಹೆಸರಿಗೆ ಗೌರವದ ಸಿ ಸೇರಿಸಿ. "ಮೂರು ವಾರದಿಂದ ನಂದೇ ಅಂತಿದೀನಿ."

"ಹಾಗಾದ್ರೆ ಒತ್ತು." ಒದ್ದೆ ಬಟ್ಟೆಯಿಂದ ಅವಳ ಬೆರಳನ್ನು ಒರೆಸಿ ಪರದೆಯ ಮೇಲೆ ಇಟ್ಟ. ಹಸ್ಸೂನ್ ಬಗ್ಗಿ ನೋಡಿ, "ಊಹೂಂ. ಮತ್ತೆ ಅದೇ. ಈ ಲಿಂಕ್ ನಡೆಯುವುದಿಲ್ಲ, ಹೊಸ ಪತ್ರ ಕೇಳಿ ಅಂತಿದೆ," ಎಂದ.

"ನನ್ನ ಬೆರಳೇ ಸರಿಯಿಲ್ಲ ಬಿಡಪ್ಪ," ಎಂದಳು ತಾಮೂ. "ನಲವತ್ತು ವರ್ಷ ಒಲೆ ಬಾಯಿಗೆ ಕೊಟ್ಟ ಬೆರಳು. ಚರ್ಮ ಎಲ್ಲಿದೆ ಅದಕ್ಕೆ?"

"ಮಸಿಯಾಗಿದ್ರೆ ಮೂಡ್ತಿತ್ತು. ಈ ಗಾಜಿಗೆ ಏನು ಗೊತ್ತು? ಹೊಸ ಕಾಗದ ಕೇಳೋಣ. ರಾತ್ರಿ ಬರುತ್ತೆ. ಬರೋ ಶುಕ್ರವಾರ ಮತ್ತೆ ಒತ್ತುವೆಯಂತೆ, ಬರೋ ಮುಂಚೆ ಎಣ್ಣೆ ಹಚ್ಕೊಂಡು ಬಾ."

"ನಾನು ಆವತ್ತಿಂದ ಬಡ್ಕೋತಿದೀನಿ, ಕಾಗದ ಬಂದ ರಾತ್ರಿನೇ ನಾನು ಒತ್ತಿಬಿಡ್ತೀನಿ ಅಂತ," ಎಂದ ಹಸ್ಸೂನ್.

"ಒತ್ತು, ಒತ್ತು! ತಾಮೂಗೆ ಬದಲು ನಿನ್ನ ಕಣ್ಣು ಕೊಯ್ಸಿಕೋತೀಯಾ?" ಎಂದ ಅಪ್ಪ. ಜಗುಲಿಯ ಮೇಲೆ ನಗು ಎದ್ದಿತು. "ಬರೆದಿದಾರಲ್ಲ ಸ್ಪಷ್ಟವಾಗಿ, ಕೋರಿಕೆ ನಿಮ್ಮದಲ್ಲದಿದ್ದರೆ ಮುಟ್ಟಬೇಡಿ ಅಂತ. ಬರೆದೋನು ಯಾರೋ ನಿಯತ್ತಿನ ಮನುಷ್ಯ. ಒಬ್ಬರ ರುಜು ಇನ್ನೊಬ್ಬರು ಹಾಕಬಾರ್ದು ಅಂತ ತಿಳಿದೋನು."

ಜವಾದ್ ಗಲ್ಲಾಕ್ಕೆ ಒರಗಿದ. ಆ ವಾಕ್ಯವನ್ನು ಅವನು ಒಮ್ಮೆಯೂ ಓದಿರಲಿಲ್ಲ, ಎತ್ತಿ ಅಂಟಿಸಿದ್ದ. ಜಗತ್ತಿನಲ್ಲಿ ಯಾರೂ ಓದದ ಆ ವಾಕ್ಯವನ್ನು ಅಪ್ಪ ಓದಿ, ಪಾಲಿಸಿ, ನಲವತ್ತು ಜನರನ್ನು ಮೂರು ವಾರ ಕಾಯಿಸಿದ್ದ. ಇಪ್ಪತ್ತನಾಲ್ಕು ಗಂಟೆ ಎಂಬುದನ್ನು ಮಾತ್ರ ಪತ್ರದಲ್ಲಿ ಬರೆದೇ ಇರಲಿಲ್ಲ. ಅದು ಜವಾದ್‌ನ ಕೋಡಿನೊಳಗೆ ಒಂದು ಸಾಲಿನಲ್ಲಿತ್ತು, ಹೊರಗೆ ಎಲ್ಲೂ ಇರಲಿಲ್ಲ. ರಾತ್ರಿ ಹೊರಟ ಪತ್ರ ಮರುರಾತ್ರಿ ಸಾಯುತ್ತದೆಂದು ತಿಳಿಯದ ಇವರು ಬೆರಳನ್ನು ಬೈದುಕೊಳ್ಳುತ್ತಿದ್ದರು. ಗಡಿಯಾರ ನೋಡಿದ. ಎರಡೂವರೆ. ಈಗ ಮುಂದೆ ಹೋಗಿ, ಅದನ್ನು ಬರೆದವನು ನಾನು ಎಂದು ಹೇಳುವುದು ಸುಲಭವಿತ್ತು. ಬದಲಿಗೆ ಅವನು ಅಪ್ಪನ ಕೈಯಲ್ಲಿದ್ದ ಮೊಬೈಲನ್ನೇ ನೋಡುತ್ತ ನಿಂತ.

ಮುಂದಿನ ಮುದುಕನ ಸರದಿ ಬಂದಿತ್ತು. ಅಪ್ಪ ಮತ್ತೆ ಮಾನ್ಯರೇ ಎಂದು ಶುರು ಮಾಡಿದ. ಮುದುಕ ನಡುವೆ ಕೆಮ್ಮಿದ, ಅಪ್ಪ ಕಾದ, ಕೆಮ್ಮು ನಿಲ್ಲಲು ಹೊತ್ತಾಯಿತು, ಅಷ್ಟರಲ್ಲಿ ಪರದೆಯ ಬೆಳಕು ಆರಿ ಪೂರಾ ಕಪ್ಪಾಯಿತು. ಅಪ್ಪ ಬಿಟ್ಟ ಕಡೆಯಿಂದ ಮುಂದುವರಿಸಿದ. ಕೆಳಗಿನ ಲಿಂಕನ್ನು ಒತ್ತಿ, ಈ ಕೋರಿಕೆ ನಿಮ್ಮದಲ್ಲದಿದ್ದರೆ. ಕಣ್ಣು ಸಾಲಿನಿಂದ ಸಾಲಿಗೆ ಇಳಿಯುವ ಹಾಗೆ ತಲೆ ನಿಧಾನವಾಗಿ ಆಡುತ್ತಿತ್ತು, ಕಪ್ಪು ಗಾಜಿನ ಮುಂದೆ, ಒಂದು ಪದವೂ ತಪ್ಪದೆ. ಬಾಗಿಲಲ್ಲಿ ನಿಂತ ತನ್ನ ಕಡೆ ಅಪ್ಪ ಮುಖ ಎತ್ತಿಯೂ ಮಾತಾಡಿಸದೆ ಇದ್ದದ್ದು ಯಾಕೆಂದು ಜವಾದ್‌ಗೆ ಆಗ ತಿಳಿಯಿತು.

ಅವನು ಹಸ್ಸೂನನ ಕಡೆ ನೋಡಿದ. ಹಸ್ಸೂನ್ ಅವನನ್ನು ಮೂಲೆಗೆ ಎಳೆದು ಪಿಸುಗುಟ್ಟಿದ. "ಈ ಬೇಸಿಗೆಯಿಂದ ಕಣ್ಣು ಕಾಣ್ತಿಲ್ಲ. ನಿಂಗೆ ಹೇಳಬಾರ್ದು ಅಂತ ಆಣೆ ಹಾಕ್ಸಿದಾರೆ. ಪಟ್ಟೀಲಿ ನಲವತ್ತೊಂದನೇ ಹೆಸರು ಅವರದೇ. ಮೊದಲು ನಿಮ್ಮದು ಒತ್ತಿ ಸಿ ಅಲ್ಲಾಲ್ ಅಂದ್ರೆ, ಗಿರಾಕಿಗಳದು ಮುಗೀಲಿ ಅಂತಾರೆ."

ಜವಾದ್ ಒಂದು ಖಾಲಿ ಪೆಟ್ಟಿಗೆ ಎಳೆದುಕೊಂಡು ಅಪ್ಪನ ಮೇಜಿನ ತುದಿಗೆ ಲ್ಯಾಪ್‌ಟಾಪ್ ಇಟ್ಟು ಕೂತ. ಟೈಪ್‌ರೈಟರನ್ನು ಸ್ವಲ್ಪ ಸರಿಸಬೇಕಾಯಿತು. "ಯಾರು, ಜವಾದಾ? ಏನೋ ಅದು?" ಎಂದ ಅಪ್ಪ. "ನಿಮ್ಮ ಕೆಲಸ ನೀವು ಮಾಡಿ ಅಪ್ಪಾ," ಎಂದ. ಇಪ್ಪತ್ತನಾಲ್ಕು ಗಂಟೆ ಇದ್ದಲ್ಲಿ ಮೂವತ್ತು ದಿನ ಎಂದು ಬರೆದ. ಒಂದು ಸಾಲು, ಒಂದು ನಿಮಿಷವೂ ಹಿಡಿಯಲಿಲ್ಲ. ಸತ್ತಿದ್ದ ಪತ್ರಗಳೆಲ್ಲ ಮತ್ತೆ ನಡೆಯತೊಡಗಿದವು. ಕೆಮ್ಮಿನ ಮುದುಕ ಒತ್ತಿದಾಗ ಹಸ್ಸೂನ್ ಕೂಗಿಕೊಂಡ. ಖಾತೆ ಚಾಲೂ ಆಗಿದೆ, ನಿಮ್ಮ ಹೆಸರು ಸರದಿಯಲ್ಲಿದೆ ಎಂದು ಅವನು ಓದಿ ಹೇಳಿದ್ದನ್ನು ಜಗುಲಿ ಪೂರಾ ಒಬ್ಬರಿಂದೊಬ್ಬರಿಗೆ ಹೇಳಿಕೊಂಡಿತು. ತಾಮೂ ಎದ್ದು ಗೋಡೆ ಹಿಡಿದುಕೊಂಡು ಮತ್ತೆ ಮುಂದೆ ಬಂದಳು. "ಅವನದು ಮೂಡಿದ್ರೆ ನಂದೂ ಮೂಡುತ್ತೆ, ತಾ ಇಲ್ಲಿ," ಎಂದು ಅಪ್ಪನ ಕೈಯಿಂದ ಮೊಬೈಲನ್ನು ಕಿತ್ತುಕೊಳ್ಳಹೋಗಿ ಬೈಸಿಕೊಂಡಳು. ಅವಳದ್ದೂ ಆಯಿತು. ಒಬ್ಬೊಬ್ಬರಿಗೂ ಅಪ್ಪ ಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿದ, ಎಷ್ಟು ಬೇಡಿಕೊಂಡರೂ ಒಂದು ಪದ ಬಿಡಲಿಲ್ಲ. ನಲವತ್ತು ಜನ ಮುಗಿಯುವಾಗ ಐದು ಗಂಟೆ ದಾಟಿತ್ತು, ಕುಸ್ಕುಸ್ ತಣ್ಣಗಾಗಿತ್ತು.

"ಈಗ ನಿಮ್ಮದು," ಎಂದ ಜವಾದ್.

ಅಪ್ಪ ಹಸ್ಸೂನ್ ಇರುವ ಕಡೆ ತಿರುಗಿ ಹುಬ್ಬು ಗಂಟಿಕ್ಕಿದ. ಆಮೇಲೆ ಮೊಬೈಲನ್ನು ಮಗನ ಕಡೆ ಚಾಚಿ, "ನೀನೇ ಓದಿ ಹೇಳು. ನನ್ನ ಅರ್ಜಿ ನಾನೇ ಓದ್ಕೊಂಡು ನಾನೇ ಸೈ ಅನ್ನೋ ಹಾಗಿಲ್ಲ. ಇನ್ನೊಬ್ಬರು ಕೇಳಬೇಕು," ಎಂದ. ಜವಾದ್ ಓದಿದ. ತನ್ನದೇ ಪತ್ರವನ್ನು ಗಟ್ಟಿಯಾಗಿ ಓದುವಾಗ ಅದು ಎಷ್ಟು ಒರಟಾಗಿದೆಯೆಂದು ಕಂಡಿತು. ಈ ಕೋರಿಕೆ ನಿಮ್ಮದೇನು ಎಂದು, ಅಪ್ಪನ ಹಾಗೆಯೇ, ಕೇಳಿದ. "ನನ್ನದೇ," ಎಂದ ಅಪ್ಪ. ಅಪ್ಪನ ಬೆರಳು ಹಿಡಿದು ಗಾಜಿನ ಮೇಲೆ ಒತ್ತಿಸಿದ. ಮಸಿಯ ಹಳೆಯ ನೀಲಿ ಇನ್ನೂ ಉಗುರಿನ ಸಂದಿಯಲ್ಲಿತ್ತು.

"ಒಳ್ಳೇ ಪತ್ರ," ಎಂದ ಅಪ್ಪ ಕೈ ಒರೆಸಿಕೊಳ್ಳುತ್ತ. "ಕೊನೆಯ ಸಾಲು ಒಂದು ಬಿಟ್ಟು. ಉತ್ತರಿಸಬೇಡಿ ಅಂತ ಯಾರಾದ್ರೂ ಕಾಗದ ಬರೀತಾರೇನೋ? ನಾನು ವಾರವಾರ ಉತ್ತರ ಬರೆದೆ. ಒಂದಕ್ಕೂ ಮರುಕಾಗದ ಇಲ್ಲ."

ಉತ್ತರಗಳು ಹೋಗಿ ಬೀಳುವ ಪೆಟ್ಟಿಗೆಯನ್ನು ಮಾಡಿದವನೂ ಜವಾದ್. ಅದನ್ನು ತೆರೆದು ನೋಡುವ ಉದ್ದೇಶ ಯಾರಿಗೂ ಇರಲಿಲ್ಲ. ಈಗ ತೆರೆದ. ಮೂರು ಪತ್ರಗಳಿದ್ದವು. ಮೂರೂ ಟೈಪ್‌ರೈಟರಿನಲ್ಲಿ ಹೊಡೆದ ಹಾಳೆಗಳ ಫೋಟೋ, ಹಸ್ಸೂನ್ ತೆಗೆದು ಕಳಿಸಿದ್ದು. ಕೊನೆಯದರಲ್ಲಿ ಒಂದು ಸಾಲಿನ ಮೇಲೆಯೇ ಇನ್ನೊಂದು ಸಾಲು ಬಿದ್ದಿತ್ತು, ಉಳಿದದ್ದು ಓದುವಂತಿತ್ತು. "ಮಾನ್ಯರೇ, ಸವಿನಯ ವಂದನೆಗಳು. ನಾನು, ಅರ್ಜಿ ಬರೆಯುವ ಅಲ್ಲಾಲ್, ತಮ್ಮಲ್ಲಿ ಬಿನ್ನವಿಸಿಕೊಳ್ಳುವುದೇನೆಂದರೆ, ನಲವತ್ತು ಜನರ ಕಾಗದಗಳು ನನ್ನ ವಿಳಾಸಕ್ಕೆ ಬರುತ್ತಿವೆ. ಅವು ನನ್ನ ಕೋರಿಕೆಗಳಲ್ಲವಾದ್ದರಿಂದ ನಾನು ಒತ್ತಿರುವುದಿಲ್ಲ. ಕಡೆಗಣಿಸಿರುವುದೂ ಇಲ್ಲ, ಏಕೆಂದರೆ ಅವರಿಗೆ ಕಣ್ಣು ಕಾಣುವುದಿಲ್ಲ. ಅವರು ಶುಕ್ರವಾರ ಮಾತ್ರ ಕೂಡಬಲ್ಲರು. ಅಲ್ಲಿಯವರೆಗೆ ತಾವು ದಯಮಾಡಿ ಕಾಯಬೇಕು." ಕೆಳಗೆ ರುಜು, ರುಜುವಿನ ಪಕ್ಕದಲ್ಲಿ, ಬೇಕಿಲ್ಲದಿದ್ದರೂ, ನೀಲಿ ಹೆಬ್ಬೆಟ್ಟು.

ಐದೂ ನಲವತ್ತಕ್ಕೆ ಬದ್ರ್‌ನ ಫೋನು ಬಂತು. "ಅಳಿಸಿದೆಯೇನೋ? ಇಲ್ಲಿ ನೋಡಿದ್ರೆ ನಲವತ್ತೊಂದೂ ಚಾಲೂ ಆಗಿವೆ. ನಿನ್ನ ಯಂತ್ರಕ್ಕೆ ಬುದ್ಧಿ ಬಂತಾ? ನೀನು ಮಾಡ್ತೀಯೋ ನಾನೇ ಅಳಿಸಲೋ?"

ಜಗುಲಿಯ ಮೇಲೆ ಇನ್ನೂ ಏಳೆಂಟು ಜನ ಕೂತೇ ಇದ್ದರು. ಅಪ್ಪ ಟೈಪ್‌ರೈಟರನ್ನು ತಡವಿ ಮೊದಲಿನ ಜಾಗಕ್ಕೆ ಎಳೆದುಕೊಳ್ಳುತ್ತಿದ್ದ. ಜವಾದ್ ಮೂರು ಹಾಳೆಗಳನ್ನೂ ಬದ್ರ್‌ಗೆ, ಮದಾಮ್ ಲಮ್ರಾನಿಗೆ ಕಳಿಸಿದ. ಕಳಿಸಿಯಾಯಿತೆಂದು ಖಾತ್ರಿಯಾದ ಮೇಲೆ ಬಾಯಿ ತೆರೆದ.

"ಅಳಿಸ್ಬೇಡ. ಯಂತ್ರ ಅಲ್ಲ. ನಲವತ್ತೊಂದು ಜನಾನೂ ಇದಾರೆ, ನನ್ನ ಮುಂದೇನೇ ಒತ್ತಿದಾರೆ. ಆ ವಿಳಾಸ ನಮ್ಮಪ್ಪಂದು. ಬೆಳಿಗ್ಗೇನೇ ಗೊತ್ತಿತ್ತು ನಂಗೆ."

ಬದ್ರ್ ಕೇಳಿದ, "ನಿಮ್ಮಪ್ಪ ಕೋರ್ಟಲ್ಲಿದ್ರು ಅಂದಿದ್ದೆ?"

"ಕೋರ್ಟಲ್ಲಲ್ಲ. ಕೋರ್ಟಿನ ಹೊರಗೆ. ಮರದ ಕೆಳಗೆ ಅರ್ಜಿ ಬರೀತಿದ್ರು."

ಅಪ್ಪನ ಕೈ ಟೈಪ್‌ರೈಟರಿನ ಮೇಲೆ ನಿಂತಿತು. ಬೆಳಿಗ್ಗೆ ಏನಾಯಿತೆಂದಾಗಲಿ, ಏಳು ವರ್ಷ ಏನು ಹೇಳಿಕೊಂಡು ಬಂದೆಯೆಂದಾಗಲಿ ಅವನು ಕೇಳಲಿಲ್ಲ. ಅರ್ಧ ಬರೆಸಿ ನಿಲ್ಲಿಸಿದ ಗಿರಾಕಿಗೆ ಹೇಳುವ ಹಾಗೆ, ಸ್ವಲ್ಪ ಅಸಹನೆಯಿಂದ ಹೇಳಿದ.

"ಯಾವ ಮರ ಅಂತ ಹೇಳು. ವಿಳಾಸ ಪೂರಾ ಹೇಳಬೇಕು."

"ಹಿಪ್ಪುನೇರಳೆ ಮರ," ಎಂದ ಜವಾದ್ ಫೋನಿಗೆ.